ಕ್ಷಮೆ ಬೇಡ ಎಂದವಳು

ದೊಡ್ಡಕ್ಕ ಮೊದಲು ಕ್ಷಮಿಸಿದ್ದು ಲೆಕ್ಕದ ಮೇಷ್ಟ್ರನ್ನು.

ಅವರು ಪಾಪ, ಎಂದಿನಂತೆ ಬೆಳಿಗ್ಗೆ ಬ್ರೆಡ್ಡು ತೆಗೆದುಕೊಳ್ಳಲು ಬೇಕರಿಗೆ ಬಂದು ಸಾಲಿನಲ್ಲಿ ನಿಂತಿದ್ದರು. ಸರದಿ ಬಂತು. ಕೌಂಟರಿನ ಹಿಂದಿನಿಂದ ದೊಡ್ಡಕ್ಕ ಕೈ ಚಾಚಿ ಅವರ ಎರಡೂ ಕೈಗಳನ್ನು ಹಿಡಿದುಕೊಂಡಳು. ತಲೆ ಒಂದು ಕಡೆ ವಾಲಿಸಿ ಕಣ್ಣು ಮುಚ್ಚಿದಳು.

"ಮೇಷ್ಟ್ರೇ, ಹಿಂದೊಂದು ಸಲ ನಮ್ಮ ಬನ್ನಿನಲ್ಲಿ ಕೂದಲು ಸಿಕ್ಕಿತು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ರಿ. ನಿಮ್ಮನ್ನ ಮನಸಾರೆ ಕ್ಷಮಿಸಿದ್ದೀನಿ."

ಸಾಲಿನಲ್ಲಿದ್ದವರೆಲ್ಲ ಗಾಜಿನೊಳಗಿದ್ದ ಬನ್ನುಗಳ ಕಡೆ ನೋಡಿದರು.

"ಅಯ್ಯೋ, ನಾನು ಒಬ್ಬರಿಗೂ ಹೇಳಿಲ್ಲಮ್ಮ," ಎಂದರು ಮೇಷ್ಟ್ರು. "ಸಿಕ್ಕಿದ್ದೇನೋ ನಿಜ. ಆದ್ರೆ ತೆಗೆದು ಬಿಸಾಕಿ ತಿಂದೆ."

"ಈ ಮಾತನ್ನೂ ಕ್ಷಮಿಸಿದ್ದೀನಿ," ಎಂದು ದೊಡ್ಡಕ್ಕ ಕಣ್ಣು ಬಿಟ್ಟಳು. ಅವಳ ಮುಖದಲ್ಲಿ ಆಗತಾನೇ ಸ್ನಾನ ಮಾಡಿ ಬಂದಂಥ ಕಳೆ ಇತ್ತು. ಮೇಷ್ಟ್ರು ಬ್ರೆಡ್ಡನ್ನು ಅಲ್ಲೇ ಬಿಟ್ಟು ಹೋದರು.

ಇದಕ್ಕೆಲ್ಲ ಕಾರಣ ಚರ್ಚಿಗೆ ಬಂದ ಹೊಸ ಪಾಸ್ಟರ್. ತೆಳ್ಳಗಿನ, ಉತ್ಸಾಹದ ಮನುಷ್ಯ. ಬಂದವರೇ ಬೈಬಲ್ಲು ಆತ್ಮದ ಫಲ ಎಂದು ಕರೆಯುವ ಒಳ್ಳೆಯ ಗುಣಗಳ ಮೇಲೆ ಪ್ರಸಂಗ ಶುರುಮಾಡಿದರು. ವಾರಕ್ಕೊಂದು ಫಲ. ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ಹೀಗೆ ಸಾಲಾಗಿ. ಮೊದಲ ವಾರವೇ ಅವರು ಒಂದು ಮಾತು ಹೇಳಿದರು: "ಹಣ್ಣು ಬಿಟ್ಟಿದ್ದೀನಿ ಅಂತ ಮರ ಕೂಗಿ ಹೇಳಬೇಕಾಗಿಲ್ಲ. ನೋಡಿದವರ ಕಣ್ಣಿಗೇ ಕಾಣುತ್ತೆ." ಇಷ್ಟುದ್ದದ ಮಾತಿನಲ್ಲಿ ದೊಡ್ಡಕ್ಕನ ಕಿವಿಗೆ ಬಿದ್ದದ್ದು ಕೊನೆಯ ಎರಡು ಪದ. ಕಣ್ಣಿಗೆ ಕಾಣಬೇಕು. ಸರಿ, ಕಾಣಿಸಬೇಕು ಅಂದುಕೊಂಡಳು. ಪ್ರೀತಿಗೆ ಕ್ಷಮೆಯೇ ಬಾಗಿಲು ಎಂದೂ ಪಾಸ್ಟರ್ ಹೇಳಿದ್ದರು. ದೊಡ್ಡಕ್ಕ ಆ ಬಾಗಿಲನ್ನು ಬೀದಿಯ ಕಡೆಗೇ ತೆರೆದಳು.

ಬೇಕರಿಯನ್ನು ಕಟ್ಟಿ ಬೆಳೆಸಿದವಳು ಅತ್ತೆ. ಅವಳು ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳೂ ಇಬ್ಬರು ಸೊಸೆಯರೂ ಸೇರಿ ನಡೆಸುತ್ತಿದ್ದರು. ಮೇಲೆ ಎರಡು ಸಂಸಾರ, ಕೆಳಗೆ ಅಂಗಡಿ. ಮುಂದೆ ಗಾಜಿನ ಕೌಂಟರು, ಅದರ ಹಿಂದೆ ಓವನ್ ಕೋಣೆ, ಪಕ್ಕದಲ್ಲಿ ಕೇಕಿಗೆ ಕ್ರೀಮು ಹಚ್ಚುವ ಇಕ್ಕಟ್ಟಿನ ಕೋಣೆ. ಹಿರಿಸೊಸೆ ದೊಡ್ಡಕ್ಕ ಕೌಂಟರಿನಲ್ಲಿ. ಮನೆಯವರಿಗಷ್ಟೇ ಅಲ್ಲ, ಬೀದಿಗೆಲ್ಲ ಅವಳು ದೊಡ್ಡಕ್ಕನೇ. ಕಿರಿಸೊಸೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಚಿಕ್ಕವಳು ಎಂದು. ವಯಸ್ಸು ನಲವತ್ತು ದಾಟಿದ್ದರೂ ಚಿಕ್ಕವಳೇ. ಅವಳ ಕೆಲಸ ಕೇಕಿನ ಕೋಣೆಯಲ್ಲಿ. ಅವಳ ಗಂಡ, ಅಂದರೆ ಕಿರಿಮಗ, ವ್ಯಾನಿನಲ್ಲಿ ಬ್ರೆಡ್ಡು ತುಂಬಿಕೊಂಡು ಹೋಟೆಲು, ಕ್ಯಾಂಟೀನುಗಳಿಗೆ ಹಾಕಿ ಬರುತ್ತಿದ್ದ.

ಇನ್ನು ಹಿರಿಮಗ, ದೊಡ್ಡಕ್ಕನ ಗಂಡ. ಓವನ್ ಅವನದು. ಚರ್ಚಿನವರು ಅವನಿಗೆ ಸಾಧಣ್ಣ ಎಂದು ಹೆಸರಿಟ್ಟಿದ್ದರು. ಯಾರಾದರೂ ಅವನ ಕಾಲು ತುಳಿದರೆ ಅವನೇ ತಪ್ಪಾಯಿತು ಅನ್ನುತ್ತಿದ್ದ. ಸಭೆಯಲ್ಲಿ ಇಬ್ಬರು ಜಗಳವಾಡಿದರೆ ಇಬ್ಬರಿಗೂ ಹೌದು ಹೌದು ಅನ್ನುತ್ತಿದ್ದ. "ಅವರ ಬಾಯಿಂದ ಒಂದು ಬಿರುಸು ಮಾತು ಕೇಳಿದ್ದೀರಾ?" ಎಂದು ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಚುಚ್ಚುತ್ತಿದ್ದರು. ಕೇಳಿರಲಿಲ್ಲ, ನಿಜ. ಬಿರುಸು ಮಾತುಗಳನ್ನೆಲ್ಲ ಅವನ ಹೆಂಡತಿ ಆಡಿ ಮುಗಿಸುತ್ತಿದ್ದಳು. ಅವನಿಗೆ ಉಳಿಯುತ್ತಿದ್ದದ್ದು ಮುಗುಳ್ನಗೆ ಒಂದೇ. ಅದನ್ನು ಅವನು ಚೆನ್ನಾಗಿ ಮಾಡುತ್ತಿದ್ದ.

ಮೇಷ್ಟ್ರ ನಂತರ ದೊಡ್ಡಕ್ಕನ ಕೈ ಪಳಗಿತು. ಮೈದಾ ಮೂಟೆ ಹಾಕುವವನನ್ನು ಕ್ಷಮಿಸಿದಳು. ಅವನು ಯಾವುದಕ್ಕೆ ಎಂದು ಕೇಳಿದ, ನಿನ್ನ ಮನಸ್ಸನ್ನೇ ಕೇಳಿಕೋ ಎಂದಳು. ಅವನು ಮೂಟೆ ಇಳಿಸಿ ದಿನವಿಡೀ ತನ್ನ ಮನಸ್ಸನ್ನು ಕೇಳಿಕೊಂಡು ತಲೆನೋವು ಬರಿಸಿಕೊಂಡ. ಎದುರುಗಡೆ ಔಷಧಿ ಅಂಗಡಿಯ ಹೆಂಗಸನ್ನು ಅವಳ ಅಂಗಡಿಗೇ ಹೋಗಿ ಕ್ಷಮಿಸಿದಳು. "ಮದುವೆಗೆ ಮುಂಚೆ ನೀನು ನಮ್ಮ ಮನೆಯವರ ಮೇಲೆ ಕಣ್ಣು ಹಾಕಿದ್ದೆ. ಎಲ್ಲಾ ಹಳೇ ಕಥೆ. ನನಗೇನೂ ಮನಸ್ಸಿನಲ್ಲಿಲ್ಲ." ಆ ಹೆಂಗಸಿನ ಗಂಡ ಅಲ್ಲೇ ಮಾತ್ರೆ ಎಣಿಸಿ ಲಕೋಟೆಗೆ ಹಾಕುತ್ತಿದ್ದ. ಅವನ ಕೈ ನಿಂತಿತು. ಅವನಿಗೆ ಅದು ಹಳೇ ಕಥೆಯಾಗಿರಲಿಲ್ಲ. ಅವನು ಕೇಳುತ್ತಿದ್ದದ್ದೇ ಮೊದಲ ಸಲ. ಆ ಸಂಜೆ ಔಷಧಿ ಅಂಗಡಿ ಬೇಗ ಮುಚ್ಚಿತು.

ತಾಳ್ಮೆಯ ಭಾನುವಾರ ದೊಡ್ಡಕ್ಕ ಪಾಸ್ಟರನ್ನೇ ಕ್ಷಮಿಸಿದಳು. ಆರಾಧನೆ ಮುಗಿದು ಎಲ್ಲರೂ ಬಾಗಿಲಲ್ಲಿ ಅವರ ಕೈಕುಲುಕುತ್ತಿದ್ದರು. "ಪಾಸ್ಟ್ರೇ, ಇವತ್ತು ನಿಮ್ಮ ಪ್ರಸಂಗ ಎಳೆದೂ ಎಳೆದೂ ನನ್ನ ಕಾಲು ಜೋಮು ಹಿಡೀತು. ಆದ್ರೂ ಕ್ಷಮಿಸಿಬಿಟ್ಟೆ."

ಪಾಸ್ಟರ್ ಮುಖ ಕೆಂಪಾಯಿತು. ಆದರೆ ಮನೆಗೆ ಹೋಗಿ ಯೋಚಿಸಿದಾಗ ಅವರಿಗೆ ಸಂತೋಷವೇ ಆಯಿತು. ಇಷ್ಟು ಜನ ತಲೆಯಾಡಿಸಿ ಎದ್ದು ಹೋಗುತ್ತಾರೆ. ಹೇಳಿದ್ದನ್ನು ತೆಗೆದುಕೊಂಡು ಹೋಗಿ ಬಳಸುವವಳು ಈಕೆ ಒಬ್ಬಳೇ. ಹೇಗೆ ಬಳಸುತ್ತಾಳೆ ಎಂಬುದರ ಕಡೆ ಅವರ ಗಮನ ಹೋಗಲಿಲ್ಲ.

ಗಮನ ಹೋದದ್ದು ಕಿರಿಮಗನಿಗೆ. ಅಂಗಡಿಗೆ ಬರುವವರು ಮೊದಲು ಬೀದಿಯ ಆಚೆ ನಿಂತು, ಕೌಂಟರಿನಲ್ಲಿ ಯಾರಿದ್ದಾರೆ ಎಂದು ಇಣುಕಿ ನೋಡುತ್ತಿದ್ದರು. ದೊಡ್ಡಕ್ಕ ಊಟಕ್ಕೆ ಮೇಲೆ ಹತ್ತಿದ್ದೇ ತಡ, ನುಗ್ಗಿಕೊಂಡು ಬರುತ್ತಿದ್ದರು. ಅವಳ ಕಾಲಿನ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಚಿಲ್ಲರೆಯನ್ನೂ ಬಿಟ್ಟು ಓಡುತ್ತಿದ್ದರು.

"ಅಣ್ಣ, ಅತ್ತಿಗೆಗೆ ಒಂದು ಮಾತು ಹೇಳು," ಎಂದ ಕಿರಿಮಗ ಓವನ್ ಹತ್ತಿರ ಹೋಗಿ. "ಬ್ರೆಡ್ಡು ಉಳೀತಿದೆ."

"ಒಳ್ಳೇ ಕೆಲಸ ತಾನೇ ಮಾಡ್ತಿರೋದು," ಎಂದ ಸಾಧಣ್ಣ, ಟ್ರೇ ಒಳಗೆ ತಳ್ಳುತ್ತ. "ಬೇಡ ಅನ್ನೋಕಾಗುತ್ತಾ? ನೋಡೋಣ, ಪ್ರಾರ್ಥನೆ ಮಾಡೋಣ."

ಬೀದಿಯವರೆಲ್ಲ ಮುಗಿದ ಮೇಲೆ ದೊಡ್ಡಕ್ಕ ಮನೆಯ ಕಡೆ ತಿರುಗಿದಳು. ಒಂದು ಮಧ್ಯಾಹ್ನ ಚಿಕ್ಕವಳು ಒಂದು ಮಗುವಿನ ಹುಟ್ಟುಹಬ್ಬದ ಕೇಕಿನ ಮೇಲೆ ಕ್ರೀಮಿನ ಕೋನು ಹಿಂಡುತ್ತ ಗುಲಾಬಿ ಬಣ್ಣದ ಹೂವು ಬಿಡಿಸುತ್ತಿದ್ದಳು. ಉಸಿರು ಹಿಡಿದು ಮಾಡಬೇಕಾದ ಕೆಲಸ. ದೊಡ್ಡಕ್ಕ ಒಳಗೆ ಬಂದು ಕೋನು ಸಮೇತ ಅವಳ ಕೈ ಹಿಡಿದುಕೊಂಡಳು.

"ಚಿಕ್ಕವಳೇ, ಅತ್ತೆಯನ್ನ ಮಣ್ಣು ಮಾಡೋವಾಗ ನೀನು ನಕ್ಕೆಯಲ್ಲ. ಅದನ್ನ ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಕೊಂಡು ಸಂಕಟಪಟ್ಟೆ. ಇವತ್ತು ಕ್ಷಮಿಸಿದ್ದೀನಿ."

ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು ಎನ್ನುವುದು ಅಷ್ಟು ಸರಿಯಲ್ಲ. ಆ ವಿಷಯವನ್ನು ಅವಳು ನೆಂಟರ ಮದುವೆಗಳಲ್ಲಿ, ಆಸ್ಪತ್ರೆಯ ಬೆಂಚುಗಳಲ್ಲಿ, ಸಿಕ್ಕಸಿಕ್ಕವರ ಕಿವಿಯಲ್ಲಿ ಊದಿದ್ದಳು. ಸತ್ತ ಅತ್ತೆಯ ಗುಂಡಿಯ ಮುಂದೆ ಕಿರಿಸೊಸೆ ಕಿಸಕ್ಕನೆ ನಕ್ಕಳಂತೆ ಎಂದು ದೂರದ ನೆಂಟರಿಗೂ ಗೊತ್ತಿತ್ತು. ಚಿಕ್ಕವಳಿಗೂ ಗೊತ್ತಿತ್ತು. ಅವಳು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಆದರೆ ಆ ಮಧ್ಯಾಹ್ನ ಕೋನಿನಿಂದ ಕ್ರೀಮು ದೊಪ್ಪನೆ ಕೇಕಿನ ನಡುಮಧ್ಯಕ್ಕೆ ಬಿತ್ತು. ಅವಳು ಕೈ ಬಿಡಿಸಿಕೊಂಡಳು.

"ನಾನು ನಗಲಿಲ್ಲ ಅಕ್ಕ."

"ಆಯ್ತು ಬಿಡು. ಸುಳ್ಳು ಹೇಳ್ತಿದ್ದೀಯಲ್ಲ, ಅದನ್ನೂ ಸೇರಿಸಿಯೇ ಕ್ಷಮಿಸಿದ್ದೀನಿ."

"ನನಗೆ ಬೇಡ."

"ಏನು ಬೇಡ?"

"ನಿಮ್ಮ ಕ್ಷಮೆ. ಬೇಡ. ವಾಪಸ್ ತಗೊಳ್ಳಿ."

ದೊಡ್ಡಕ್ಕನಿಗೆ ಇಂಥದ್ದು ಹಿಂದೆ ಆಗಿರಲಿಲ್ಲ. ಓಡಿಹೋದವರಿದ್ದರು, ವಾದಿಸಿದವರಿದ್ದರು, ಕೊಟ್ಟದ್ದನ್ನು ಕೈಗೇ ತಿರುಗಿಸಿ ಕೊಟ್ಟವರು ಇರಲಿಲ್ಲ. ಅವಳು ಮೆಟ್ಟಿಲು ಹತ್ತಿ ಹೋಗಿ ಮಂಚದ ಮೇಲೆ ಮಲಗಿದಳು.

ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಚಿಕ್ಕವಳ ಮೇಲೆ ಎಲ್ಲರೂ ಮುಗಿಬಿದ್ದರು. ಗಂಡ ವ್ಯಾನು ತೊಳೆಯುತ್ತ ಹೇಳಿದ, "ತಗೊಂಡ್ಬಿಡೇ ಮಾರಾಯ್ತಿ. ನಿನಗೇನು ಖರ್ಚು? ಮದುವೆಗೆ ಬಂದ ಬೇಡದ ಉಡುಗೊರೆನೆಲ್ಲ ಬೀರುವಿನಲ್ಲಿ ಇಟ್ಟಿಲ್ವಾ? ಇದನ್ನೂ ಇಡು."

"ಉಡುಗೊರೆ ಅಲ್ಲ ರೀ ಅದು. ಕುತ್ತಿಗೆಗೆ ನೇತುಹಾಕೋ ಬೋರ್ಡು."

"ಇಷ್ಟು ದಿನ ನಕ್ಕೆ ಅಂತ ಬೈಯ್ತಿದ್ರು, ಆಗ ಸುಮ್ಮನಿದ್ದೆ. ಈಗ ಕ್ಷಮಿಸ್ತೀನಿ ಅಂದ್ರೆ ಜಗಳಕ್ಕೆ ನಿಲ್ತೀಯಲ್ಲ?"

"ಬೈಗುಳ ಆದ್ರೆ ಅವರ ಬಾಯಲ್ಲಿ ಇರುತ್ತೆ," ಎಂದಳು ಚಿಕ್ಕವಳು. "ಕ್ಷಮೆ ಆದ್ರೆ ನಾನು ಕೈಯೊಡ್ಡಿ ಈಸ್ಕೋಬೇಕು."

ಗಂಡನಿಗೆ ಅದು ಅರ್ಥವಾಗಲಿಲ್ಲ. ಅವನು ಚಕ್ರಕ್ಕೆ ನೀರು ಹೊಡೆದ.

ದೊಡ್ಡಕ್ಕ ಪಾಸ್ಟರ್ ಹತ್ತಿರ ಹೋಗಿ ಅತ್ತಳು. ಪಾಸ್ಟರ್ ಆಗ ಪ್ರಸಂಗ ಮಾಲೆಯ ಕೊನೆಯ ಭಾನುವಾರಕ್ಕೆ ದೊಡ್ಡ ಯೋಜನೆ ಹಾಕುತ್ತಿದ್ದರು. ಅಂದು ಸಭೆಯವರು ಮುಂದೆ ಬಂದು ತಮ್ಮ ಬದುಕಿನಲ್ಲಿ ಬಿಟ್ಟ ಫಲದ ಬಗ್ಗೆ ಸಾಕ್ಷಿ ಹೇಳಬೇಕು. ಎಷ್ಟು ಕೇಳಿಕೊಂಡರೂ ಒಬ್ಬರೂ ಮುಂದೆ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಇಬ್ಬರು ಓರಗಿತ್ತಿಯರು ಸಭೆಯ ಮುಂದೆ ತಬ್ಬಿಕೊಂಡು ಅಳುವುದು ಅವರ ಕಣ್ಣಿಗೆ ಕಟ್ಟಿತು. ಮಾರನೆಯ ದಿನವೇ ಬೇಕರಿಗೆ ಬಂದು ಕೇಕಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತರು. ಚಿಕ್ಕವಳು ಒಂದು ಬನ್ನು ಕೊಟ್ಟಳು.

"ಅಮ್ಮಾ, ಕೊಡೋದಕ್ಕಿಂತ ತಗೊಳ್ಳೋದಕ್ಕೆ ಹೆಚ್ಚು ದೀನತೆ ಬೇಕು," ಎಂದರು ಪಾಸ್ಟರ್.

"ಮಾಡದೇ ಇರೋ ತಪ್ಪಿಗೆ ಕ್ಷಮೆ ತಗೊಂಡ್ರೆ ಅದು ಸುಳ್ಳು ಹೇಳಿದ ಹಾಗಲ್ವಾ ಪಾಸ್ಟ್ರೇ?"

ಪಾಸ್ಟರ್ ಬನ್ನನ್ನು ಕಚ್ಚಿದರು. ಬಹಳ ಹೊತ್ತು ಅಗಿದರು. "ಅದು... ನೀವು ಸ್ವಲ್ಪ ದೊಡ್ಡ ಮನಸ್ಸು ಮಾಡಬೇಕು."

"ಅವರು ನನ್ನ ಕ್ಷಮಿಸೋದಕ್ಕೆ ನಾನು ದೊಡ್ಡ ಮನಸ್ಸು ಮಾಡಬೇಕಾ?"

"ಹಾಗಲ್ಲ. ನಿಜವಾಗಿ ಯಾರು ನಕ್ಕರು ಅನ್ನೋದು ಈಗ ಮುಖ್ಯ ಅಲ್ಲ ನೋಡಿ. ಐಕ್ಯ ಮುಖ್ಯ."

"ಯಾರು ನಕ್ಕರು ಅನ್ನೋದು ಮುಖ್ಯ ಅಲ್ಲದಿದ್ರೆ ನೀವೇ ನಕ್ಕಿದ್ದು ಅಂತ ಒಪ್ಕೊಂಡ್ಬಿಡಿ. ಅಕ್ಕ ನಿಮ್ಮನ್ನ ಒಂದು ಸಲ ಕ್ಷಮಿಸಿದ್ದಾರಲ್ಲ, ಅಭ್ಯಾಸ ಇದೆ."

ಪಾಸ್ಟರ್ ಬನ್ನು ಚೆನ್ನಾಗಿದೆ ಎಂದು ಹೇಳಿ ಎದ್ದರು. ಹೊರಗೆ ಬಂದು ದೊಡ್ಡಕ್ಕನಿಗೆ ಪಿಸುಗುಟ್ಟಿದರು: "ಗರ್ವ. ಬರೀ ಗರ್ವ. ಆದರೆ ಸಭೆಯ ಮುಂದೆ ಕರೆದರೆ ಮನಸ್ಸು ಕರಗುತ್ತೆ. ನೀವು ಸಾಕ್ಷಿ ಹೇಳಿ, ಮಿಕ್ಕಿದ್ದು ದೇವರು ನೋಡ್ಕೋತಾನೆ."

ಈ ಸುದ್ದಿ ಕಿವಿಗೆ ಬಿದ್ದ ಮೇಲೆ ಚಿಕ್ಕವಳು ಕೇಕಿನ ಕೋಣೆಯಿಂದ ಎದ್ದು ಓವನ್ ಕೋಣೆಗೆ ಹೋದಳು. ಸಾಧಣ್ಣ ಒಬ್ಬನೇ ಹಿಟ್ಟು ನಾದುತ್ತಿದ್ದ.

"ಭಾವ," ಎಂದಳು. "ನಕ್ಕಿದ್ದು ನೀವು."

ಸಾಧಣ್ಣನ ಕೈ ಹಿಟ್ಟಿನೊಳಗೇ ನಿಂತಿತು.

ಆ ದಿನ ಆದದ್ದು ಇಷ್ಟು. ಅತ್ತೆ ಬದುಕಿರುವ ತನಕ ಹಿರಿಮಗನನ್ನು ದಡ್ಡ ಎಂದೇ ಕರೆದಳು. ಟ್ರೇಯ ಅಳತೆ ತಪ್ಪಿತು, ಹಿಟ್ಟಿನ ಅಳತೆ ತಪ್ಪಿತು, ಅಂಗಡಿಯ ಬೋರ್ಡಿನ ಅಳತೆ ತಪ್ಪಿತು ಎಂದು ಎಲ್ಲರ ಮುಂದೆ ಅವನ ಕಿವಿ ಹಿಂಡುತ್ತಿದ್ದಳು. ಅವಳು ಸತ್ತಾಗ ಗುಂಡಿ ತೋಡುವವರಿಗೆ ಪೆಟ್ಟಿಗೆಯ ಅಳತೆ ಹೇಳಿದವನು ಅವನೇ. ಪೆಟ್ಟಿಗೆ ಇಳಿಸಿದರೆ ಅರ್ಧಕ್ಕೇ ಸಿಕ್ಕಿಕೊಂಡಿತು. ತಲೆಯ ಕಡೆ ಒತ್ತಿದರೆ ಕಾಲಿನ ಕಡೆ ಏಳುತ್ತದೆ, ಕಾಲಿನ ಕಡೆ ಒತ್ತಿದರೆ ತಲೆಯ ಕಡೆ. ಎಲ್ಲರೂ ಅಳುತ್ತಿದ್ದರು. ಆಗ ಸಾಧಣ್ಣನ ಗಂಟಲಿನಿಂದ ಕಿಸಕ್ಕನೆ ಒಂದು ನಗು ಬಂತು. ತಡೆದರೆ ಇನ್ನೂ ಜೋರಾಗಿ ಬಂತು. ಪಕ್ಕದಲ್ಲಿದ್ದ ಚಿಕ್ಕವಳು ಅವನ ಬಿಳಿಚಿಕೊಂಡ ಮುಖ ನೋಡಿದಳು. ಏನೂ ಯೋಚಿಸದೆ ಕರ್ಚೀಫು ತೆಗೆದು ತನ್ನ ಬಾಯಿಗೆ ಒತ್ತಿಕೊಂಡು ತಲೆ ಬಗ್ಗಿಸಿದಳು. ಜನ ತಿರುಗಿ ನೋಡುವಷ್ಟರಲ್ಲಿ ಕರ್ಚೀಫು ಇದ್ದದ್ದು ಅವಳ ಬಾಯ ಮೇಲೆ.

"ಅವತ್ತು ನಿಮ್ಮ ಮುಖ ನೋಡಿ ಪಾಪ ಅನ್ನಿಸ್ತು ಭಾವ. ಇಷ್ಟು ದಿನ ಹೊತ್ಕೊಂಡೆ. ನಿಮ್ಮ ಹೆಸರು ನಾನಾಗಿ ಹೇಳೋಳಲ್ಲ. ಆದ್ರೆ ಭಾನುವಾರ ನನ್ನ ಎಲ್ಲರ ಮುಂದೆ ಕರೀತಾರಂತೆ. ಅದನ್ನ ಹೊರೋಕಾಗಲ್ಲ. ಅಷ್ಟರೊಳಗೆ ನೀವೇ ಅಕ್ಕನಿಗೆ ಹೇಳ್ಬಿಡಿ."

ಸಾಧಣ್ಣನ ಕಣ್ಣು ತೇವವಾಯಿತು. "ನೀನು ದೊಡ್ಡವಳಮ್ಮಾ," ಎಂದ. "ಖಂಡಿತ. ನಾನು ಪ್ರಾರ್ಥನೆ ಮಾಡಿ ನೋಡ್ತೀನಿ."

"ಪ್ರಾರ್ಥನೆ ಮಾಡೋಕೆ ಏನಿದೆ ಭಾವ? ಹೇಳೋದು."

"ಹೌದು ಹೌದು," ಎಂದ ಸಾಧಣ್ಣ.

ಅವನು ವಾರವಿಡೀ ಪ್ರಾರ್ಥನೆ ಮಾಡಿದ. ಹೆಂಡತಿ ಬಟ್ಟೆ ಮಡಚುವಾಗ ಹತ್ತಿರ ಹೋಗಿ ನಿಂತ, ಅವಳು ಏನು ಎಂದಾಗ ಏನಿಲ್ಲ ಎಂದ. ಶನಿವಾರ ಊಟದ ಹೊತ್ತಿಗೆ ಧೈರ್ಯ ಮಾಡಿ "ಚಿಕ್ಕವಳ ವಿಷಯ..." ಎಂದು ಶುರುಮಾಡಿದ. ಅವಳು ತಲೆಯೆತ್ತಿದಳು. "ಪಾಪ, ಕ್ಷಮಿಸಿಬಿಡು," ಎಂದು ಮುಗಿಸಿದ.

ಭಾನುವಾರ ಚರ್ಚು ತುಂಬಿತ್ತು. ಬೇಕರಿಯ ಕಥೆ ಎಲ್ಲರ ಕಿವಿಗೂ ಬಿದ್ದಿತ್ತು. ಹಬ್ಬಕ್ಕೂ ಬಾರದವರು ಅಂದು ಬಂದಿದ್ದರು. ದೊಡ್ಡಕ್ಕ ಮೈಕು ಹಿಡಿದು ಚೆನ್ನಾಗಿ ಸಾಕ್ಷಿ ಹೇಳಿದಳು. ತನ್ನ ತಾಳ್ಮೆಯ ಬಗ್ಗೆ, ತನ್ನ ದೀನತೆಯ ಬಗ್ಗೆ, ಇವೆರಡರ ಬಗ್ಗೆ ತಾನು ಎಂದೂ ಯಾರಲ್ಲೂ ಹೇಳಿಕೊಳ್ಳದಿರುವುದರ ಬಗ್ಗೆ. ಒಂದೊಂದು ಮಾತಿಗೂ ಸಭೆ "ಆಮೆನ್" ಅಂದಿತು. ವಾರವಾರವೂ ಪಾಸ್ಟರ್ ಅವರಿಗೆ ಹಾಗೆ ರೂಢಿ ಮಾಡಿಸಿದ್ದರು.

"ನನ್ನ ಓರಗಿತ್ತಿ ಮುಂದೆ ಬರ್ಲಿ," ಎಂದಳು ಕೊನೆಗೆ, ಕೈ ಚಾಚಿ.

ಚಿಕ್ಕವಳು ಎದ್ದಳು. ಮುಂದೆ ಹೋಗಲಿಲ್ಲ, ತನ್ನ ಬೆಂಚಿನ ಹತ್ತಿರವೇ ನಿಂತಳು. ಒಮ್ಮೆ ಸಾಧಣ್ಣನ ಕಡೆ ನೋಡಿದಳು. ಸಾಧಣ್ಣ ತನ್ನ ಬೂಟಿನ ಲೇಸನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

"ನಾನು ನಗಲಿಲ್ಲ," ಎಂದಳು ಚಿಕ್ಕವಳು. "ನನಗೆ ಕ್ಷಮೆ ಬೇಡ. ಅಷ್ಟೇ ಹೇಳೋದು."

"ಆಮೆನ್," ಎಂದರು ಹಿಂದಿನ ಬೆಂಚಿನ ಕಿವುಡಜ್ಜ.

ಗುಸುಗುಸು ಶುರುವಾಯಿತು. ಏನು ಗರ್ವ, ಏನು ಕಲ್ಲುಮನಸ್ಸು. ದೊಡ್ಡಕ್ಕ ಸಭೆಯ ಕಡೆ ತಿರುಗಿ, "ನೋಡಿದ್ರಲ್ಲ? ಇದನ್ನೂ ಕ್ಷಮಿಸ್ತೀನಿ," ಎಂದಳು. ಪಾಸ್ಟರ್ ಚಿಕ್ಕವಳ ಹತ್ತಿರ ಬಂದು, "ಅಮ್ಮಾ, ಹೃದಯ ಕಠಿಣ ಮಾಡ್ಕೋಬೇಡಿ. ಸಭೆಯೆಲ್ಲ ನಿಮಗೋಸ್ಕರ ಕಾಯ್ತಿದೆ," ಎಂದರು. ಚಿಕ್ಕವಳ ಗಲ್ಲ ನಡುಗುತ್ತಿತ್ತು. ಕಣ್ಣೀರು ಬರದ ಹಾಗೆ ಹಲ್ಲು ಕಚ್ಚಿಕೊಂಡಿದ್ದಳು. ಅದನ್ನು ನೋಡಿ ಒಬ್ಬ ಹೆಂಗಸು, "ಕರಗ್ತಿದ್ದಾಳೆ, ಕರಗ್ತಿದ್ದಾಳೆ," ಎಂದಳು.

ಆಗ ಸಾಧಣ್ಣ ಎದ್ದು ನಿಂತ. ಏನೋ ಹೇಳಿದ. ಮುಂದಿನ ಬೆಂಚಿಗೂ ಕೇಳಿಸಲಿಲ್ಲ.

ಪಾಸ್ಟರ್ ಮುಖ ಅರಳಿತು. ಇನ್ನೊಂದು ಸಾಕ್ಷಿ! ದೊಡ್ಡಕ್ಕನ ಕೈಯಿಂದ ಮೈಕು ತೆಗೆದುಕೊಂಡು ಓಡಿಬಂದು ಸಾಧಣ್ಣನ ಬಾಯಿಗೆ ಹಿಡಿದರು. "ಜೋರಾಗಿ ಹೇಳಿ ಅಣ್ಣಾ! ಎಲ್ಲರೂ ಕೇಳಲಿ!"

"ನಕ್ಕಿದ್ದು ನಾನು," ಎಂದಿತು ಮೈಕು, ನಾಲ್ಕೂ ಗೋಡೆಗಳಿಂದ.

"ಆಮೆನ್!" ಎಂದಿತು ಇಡೀ ಸಭೆ. ಅಂದ ಮೇಲೆ ಏನು ಕೇಳಿಸಿಕೊಂಡೆವು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾಧಣ್ಣನಿಗೆ ಮೈಕು ಸಿಕ್ಕಿದ್ದು ಜೀವನದಲ್ಲಿ ಅದೇ ಮೊದಲು. ನಿಲ್ಲಿಸಲು ಗೊತ್ತಾಗಲಿಲ್ಲ. "ಪೆಟ್ಟಿಗೆ ಇಳೀಲಿಲ್ಲ. ಅಳತೆ ಕೊಟ್ಟಿದ್ದು ನಾನೇ. ಅಮ್ಮ ಒಳಗಿಂದ 'ಅಳತೆ ತಗೊಂಡ್ಯೇನೋ ದಡ್ಡಾ' ಅಂದ ಹಾಗಾಯ್ತು. ಮೊದಲನೇ ಸಲ ಅವಳಿಗೆ ಬೈಯೋಕೆ ಆಗಲ್ವಲ್ಲ ಅನ್ನಿಸ್ತು. ನಗು ಬಂದ್ಬಿಡ್ತು. ಅಳುನೂ ಬರ್ತಿತ್ತು. ಎರಡೂ ಒಟ್ಟಿಗೆ. ಇವಳು ನನ್ನ ಉಳಿಸೋಕೆ ತನ್ನ ಬಾಯಿ ಮುಚ್ಕೊಂಡ್ಲು."

ಮೊದಲು ನಕ್ಕದ್ದು ಒಬ್ಬ ಮುದುಕಿ, ಸತ್ತವಳ ಗೆಳತಿ. ಸೆಲೆ ಒಡೆದ ಹಾಗೆ ನಗು ಬೆಂಚಿನಿಂದ ಬೆಂಚಿಗೆ ಹರಿಯಿತು. ಪಾಸ್ಟರ್ ಕೆಮ್ಮಿನಂತೆ ಮಾಡಿ ನಕ್ಕರು. ನಗದೇ ಇದ್ದವರು ಇಬ್ಬರು ಓರಗಿತ್ತಿಯರು ಮಾತ್ರ.

ಪಾಸ್ಟರ್ ಸಾವರಿಸಿಕೊಂಡು ಮೈಕನ್ನು ದೊಡ್ಡಕ್ಕನ ಮುಂದೆ ಹಿಡಿದರು. "ಅಕ್ಕಾ, ಇದು ದೇವರೇ ಕೊಟ್ಟ ಅವಕಾಶ. ನಿಮ್ಮ ಯಜಮಾನರು ಬಾಯಿಬಿಟ್ಟು ಒಪ್ಕೊಂಡಿದ್ದಾರೆ. ಕ್ಷಮಿಸಿ."

ದೊಡ್ಡಕ್ಕ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವರನ್ನಾ?" ಎಂದಳು. "ಇವರನ್ನಾ ಕ್ಷಮಿಸೋದು? ಇಷ್ಟು ವರ್ಷ ನಾನು ಅವಳನ್ನ ಬೈದಾಗಲೆಲ್ಲ 'ಪಾಪ ಬಿಡು' ಅಂತ ಬುದ್ಧಿ ಹೇಳಿದೋರು ಇವರು! ನಿನ್ನೆ ಊಟಕ್ಕೆ ಕೂತಾಗ 'ಕ್ಷಮಿಸಿಬಿಡು' ಅಂದೋರು ಇವರು! ನನ್ನ ಬಾಯಿಂದ ಇಷ್ಟೆಲ್ಲ ಆಡಿಸಿ, ತಾವು ಸಾಧು ಅಂತ ಹೆಸರು ತಗೊಂಡು... ಪಾಸ್ಟ್ರೇ, ನಿಮಗೆ ಬೇಕಿದ್ರೆ ನೀವು ಕ್ಷಮಿಸಿ. ನನ್ನ ಕೈಲಾಗಲ್ಲ!"

ಇಷ್ಟು ವಾರಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಪ್ರಾಮಾಣಿಕ ಮಾತು ಅದು. ಅದಕ್ಕೆ ಯಾರೂ ಆಮೆನ್ ಅನ್ನಲಿಲ್ಲ. ಅವಳು ದಡದಡ ನಡೆದು ಬಾಗಿಲು ದಾಟಿದಳು. ಪಾಸ್ಟರ್ ಅವಸರದಲ್ಲಿ ಒಂದು ಹಾಡು ಎತ್ತಿಕೊಂಡರು.

ಆಮೇಲೆ ಆದದ್ದು ಯಾರೂ ಎಣಿಸದ ಹಾಗೆ ಆಯಿತು. ಮುಂದಿನ ಭಾನುವಾರ ಪಾಸ್ಟರ್ ಸತ್ಯದ ಬಗ್ಗೆ ಮಾತಾಡಿ, ಸಭೆಯ ಮುಂದೆ ಎದೆಗಾರಿಕೆಯಿಂದ ತಪ್ಪೊಪ್ಪಿಕೊಂಡ ಒಬ್ಬ ಸಾಧು ಮನುಷ್ಯನನ್ನು ಹೊಗಳಿದರು. ಎಲ್ಲರೂ ಸಾಧಣ್ಣನ ಬೆನ್ನು ತಟ್ಟಿದರು. ಹೆಂಗಸರು ತಮ್ಮ ಗಂಡಂದಿರಿಗೆ, "ಅಂಥವರನ್ನ ನೋಡಿ ಕಲೀರಿ," ಎಂದರು. ಚಿಕ್ಕವಳ ಬಗ್ಗೆ ಮಾತು ಬಂದಾಗ ಮಾತ್ರ ತುಟಿ ವಾರೆ ಮಾಡಿದರು. "ಏನೇ ಆಗ್ಲಿ, ಅವಳು ಸುಮ್ಮನೆ ತಗೊಂಡಿದ್ರೆ ಆ ಬಡಪಾಯಿಗೆ ಎಲ್ಲರ ಮುಂದೆ ನಾಚಿಕೆ ಆಗ್ತಿರಲಿಲ್ಲ. ಸ್ವಲ್ಪ ಹಟಮಾರಿನೇ."

ದೊಡ್ಡಕ್ಕ ಆ ವಾರ ಚರ್ಚಿಗೆ ಹೋಗಿರಲಿಲ್ಲ. ಕೌಂಟರಿನಲ್ಲಿ ಬ್ರೆಡ್ಡು ಕೊಟ್ಟಳು, ಚಿಲ್ಲರೆ ಕೊಟ್ಟಳು, ಬೇರೆ ಏನನ್ನೂ ಕೊಡಲಿಲ್ಲ. ಜನ ಅನುಮಾನದಿಂದ ಬಂದು, ನೆಮ್ಮದಿಯಿಂದ ಹೋದರು. ಎರಡು ಮೂರು ದಿನ ಹೀಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಕೇಕಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಚಿಕ್ಕವಳು ಕ್ರೀಮು ಕಡೆಯುತ್ತಿದ್ದಳು.

"ನೀನು ಅವತ್ತೇ ನನಗೆ ಹೇಳಬಹುದಿತ್ತು," ಎಂದಳು ದೊಡ್ಡಕ್ಕ. "ಹೇಳದೇ ಇದ್ದಿದ್ದಕ್ಕೆ ನಿನ್ನನ್ನ..."

ಚಿಕ್ಕವಳು ಕ್ರೀಮು ಮೆತ್ತಿದ ಸೌಟನ್ನು ಮೇಲೆತ್ತಿದಳು. "ಅಕ್ಕ, ಆ ಪದ ಬಾಯಿಂದ ಬಂದ್ರೆ ನೋಡಿ."

ದೊಡ್ಡಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಇನ್ನೊಬ್ಬರ ಕೈ ಹಿಡಿಯಲಿಲ್ಲ, ಕಣ್ಣು ಮುಚ್ಚಲಿಲ್ಲ, ತಲೆ ವಾಲಿಸಲಿಲ್ಲ. "ತಪ್ಪಾಯ್ತು," ಎಂದಳು.

"ಸರಿ," ಎಂದಳು ಚಿಕ್ಕವಳು, ಮತ್ತೆ ಕಡೆಯತೊಡಗಿದಳು.

ದೊಡ್ಡಕ್ಕ ಕಾದಳು. "ಅಷ್ಟೇನಾ?"

"ಅಷ್ಟೇ. ಇನ್ನೇನು ಬೇಕಿತ್ತು?"

ದೊಡ್ಡಕ್ಕನಿಗೆ ಇನ್ನೇನೋ ಬೇಕಿತ್ತು. ಒಂದಿಷ್ಟು ಕಣ್ಣೀರು, ಒಂದು ಅಪ್ಪುಗೆ, ಕೇಳುವವರು ನಾಲ್ಕು ಜನ. ಕ್ರೀಮು ಕಡೆಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಚಿಕ್ಕವಳು, "ಆ ಸಕ್ಕರೆ ಡಬ್ಬ ಇತ್ತ ಕೊಡಿ," ಎಂದಳು. ದೊಡ್ಡಕ್ಕ ಕೊಟ್ಟಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಕ್ರೀಮಿಗೆ ಸಕ್ಕರೆ ಜಾಸ್ತಿಯಾಯಿತು ಎಂದಳು. ಚಿಕ್ಕವಳು ಆಗಲಿಲ್ಲ ಎಂದಳು. ಸಕ್ಕರೆಯ ಮೇಲೆ ಅವರಿಬ್ಬರೂ ಸಂಜೆಯವರೆಗೆ ವಾದಿಸಿದರು.

ಸಾಧಣ್ಣನಿಗೆ ಮಾತ್ರ ದಾರಿ ಸುಗಮವಾಗಲಿಲ್ಲ. ಊರೆಲ್ಲ ಹೊಗಳುತ್ತಿದ್ದರೂ ಮನೆಯಲ್ಲಿ ಅವನ ತಟ್ಟೆಯನ್ನು ಅವನೇ ತೊಳೆದುಕೊಳ್ಳಬೇಕಿತ್ತು. ಒಂದು ದಿನ ಅಂಗಡಿ ತುಂಬ ಜನ ಇರುವಾಗಲೇ ಅವನು ಓವನ್ ಕೋಣೆಯಿಂದ ಹೊರಗೆ ಬಂದು ಕೌಂಟರಿನ ಹತ್ತಿರ ನಿಂತ. ಮೈಮೇಲೆಲ್ಲ ಹಿಟ್ಟು.

"ನನ್ನ ಯಾವಾಗ ಕ್ಷಮಿಸ್ತೀಯಾ?"

"ಗೊತ್ತಿಲ್ಲ," ಎಂದಳು ದೊಡ್ಡಕ್ಕ ಬ್ರೆಡ್ಡು ಕಟ್ಟುತ್ತ. "ಬಂದಾಗ ಬರುತ್ತೆ. ಬರದೇನೂ ಇರಬಹುದು. ಹೋಗಿ, ಒಳಗೆ ಏನೋ ಸೀದ ವಾಸನೆ ಬರ್ತಿದೆ."

ಸಾಧಣ್ಣ ಹೌದು ಹೌದು ಎನ್ನಲು ಬಾಯಿ ತೆರೆದ. ಮೂಗೆಳೆದು ನೋಡಿದ.

"ಇಲ್ಲ," ಎಂದ. "ಸೀದಿಲ್ಲ. ಆ ವಾಸನೆ ಹೊರಗಿನಿಂದ ಬರ್ತಿರೋದು."

ದೊಡ್ಡಕ್ಕ ದಾರ ಸುತ್ತುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು. ಮದುವೆಯಾದ ಮೇಲೆ ಅವನು ಅವಳ ಮಾತಿಗೆ ಇಲ್ಲ ಎಂದದ್ದು ಇದೇ ಮೊದಲು. ಅವಳು ಬಾಗಿಲಾಚೆಗೆ ಕತ್ತು ಚಾಚಿ ನೋಡಿದಳು. ಔಷಧಿ ಅಂಗಡಿಯ ಮುಂದೆ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು.